ವ್ಯರ್ಥವಾಯಿತೆಂಬ ಲೆಕ್ಕ: ಜಾರ್ಜ್ ಬೆಸ್ಟ್ ಮತ್ತು ಅಭಿಮಾನಿಗಳ ಆಶಾಭಂಗ

ಕ್ರೀಡಾಪಟುವೊಬ್ಬನು ಕುಡಿತದ ಚಟಕ್ಕೆ ಬಿದ್ದು ಕಾಲಕ್ಕೆ ಮುಂಚೆಯೇ ಮೈದಾನದಿಂದ ಮರೆಯಾದಾಗ, ಅವನನ್ನು ಎಂದೂ ಮುಖತಃ ಕಂಡು ಮಾತಾಡಿಸದ ಸಹಸ್ರಾರು ಮಂದಿ ಮನೆಯ ಮಗನೇ ಕೆಟ್ಟುಹೋದನೆಂಬಂತೆ ಮರುಗುವುದನ್ನೂ, ಆ ಮರುಕದ ಬೆನ್ನಿಗೇ ಅವನನ್ನು ಹಳಿಯುವುದನ್ನೂ ನಾವು ಕಾಣುತ್ತೇವೆ. ಪ್ರತಿಭೆ ಹಾಳಾಯಿತೆಂಬ ಒಂದೇ ಮಾತಿನಲ್ಲಿ ಈ ಭಾವವನ್ನು ಮುಗಿಸಿಬಿಡುವುದು ವಾಡಿಕೆ. ಹಾಳಾದುದು ಎಷ್ಟು, ಅದು ಯಾರ ಸ್ವತ್ತು, ಯಾವ ಅಳತೆಗೋಲಿನಿಂದ ಅದನ್ನು ಅಳೆದರು ಎಂದು ಕೇಳುವವರು ವಿರಳ. ಉತ್ತರ ಐರ್ಲೆಂಡಿನ ಕಾಲ್ಚೆಂಡಾಟಗಾರ ಜಾರ್ಜ್ ಬೆಸ್ಟನ (1946–2005) ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅಭಿಮಾನಿಯ ಆಶಾಭಂಗವು ಕಳೆದುಕೊಂಡುದಕ್ಕಿಂತ ಹೆಚ್ಚಾಗಿ ಕಲ್ಪಿಸಿಕೊಂಡುದನ್ನು ಕುರಿತದ್ದೆಂಬುದೂ, ಆ ನಷ್ಟದಲ್ಲಿ ತನ್ನ ಪಾಲೆಷ್ಟೆಂಬುದನ್ನು ಅದು ಬಹಳ ಜಾಣತನದಿಂದ ಮರೆಮಾಡುತ್ತದೆಂಬುದೂ ನನ್ನ ಪ್ರತಿಪಾದನೆ.

ಬೆಸ್ಟ್ ತಾನೇ ಸಭೆಸಭೆಗಳಲ್ಲಿ ಹೇಳಿ ನಗಿಸುತ್ತಿದ್ದ ಕಥೆಯೊಂದುಂಟು. ಜೂಜುಕಟ್ಟೆಯಲ್ಲಿ ಗೆದ್ದ ಸಾವಿರಾರು ಪೌಂಡುಗಳ ನೋಟುಗಳು ಹೋಟೆಲಿನ ಕೋಣೆಯ ಹಾಸಿಗೆಯ ಮೇಲೆ ಚೆಲ್ಲಾಡಿವೆ; ವಿಶ್ವಸುಂದರಿಯೆಂಬ ಬಿರುದು ಪಡೆದ ತರುಣಿ ಜೊತೆಯಲ್ಲಿದ್ದಾಳೆ; ಷಾಂಪೇನು ತಂದಿಟ್ಟ ಮಾಣಿ, ಇದೆಲ್ಲವನ್ನೂ ಕಣ್ಣಾರೆ ಕಂಡ ಮೇಲೂ, ಎಲ್ಲಿ ಎಡವಿದಿರಿ ಸ್ವಾಮಿ ಎಂದು ವ್ಯಸನದಿಂದ ಕೇಳುತ್ತಾನೆ. ಹೇಳುವವರು ಬದಲಾದಂತೆ ಊರೂ ಮೊತ್ತವೂ ಬದಲಾಗುತ್ತವೆ. ಆ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಕೇಳಿದವರು ಮಾಣಿಯ ಪೆದ್ದುತನಕ್ಕೆ ನಗುವುದು ರೂಢಿಯಾದರೂ, ಆ ಕೋಣೆಯೊಳಗೆ ಕಾಲ್ಚೆಂಡನ್ನು ನೆನೆದವನು ಅವನೊಬ್ಬನೇ ಎಂಬುದನ್ನು ಗಮನಿಸಬೇಕು. ದುಡ್ಡಿನ ಬಹುಭಾಗವನ್ನು ಹೆಂಡಕ್ಕೂ ಹೆಣ್ಣಿಗೂ ವೇಗದ ಕಾರುಗಳಿಗೂ ವೆಚ್ಚ ಮಾಡಿದೆನೆಂದೂ, ಮಿಕ್ಕದ್ದನ್ನಷ್ಟೇ ಪೋಲು ಮಾಡಿದೆನೆಂದೂ ಬೆಸ್ಟ್ ಚಟಾಕಿ ಹಾರಿಸುತ್ತಿದ್ದನೆಂಬುದು ಪ್ರಸಿದ್ಧ. ಪೋಲಿನ ಲೆಕ್ಕವನ್ನು ಜನ ತನ್ನ ಹೆಸರಿಗೆ ಬರೆದಿದ್ದಾರೆಂಬುದನ್ನು ಅವನು ಬಲ್ಲವನಾಗಿದ್ದನು. ಅವರಿಗಿಂತ ಮುಂಚೆ ತಾನೇ ನಕ್ಕುಬಿಡುವುದು ಅವನು ಕಂಡುಕೊಂಡ ಉಪಾಯ.

ಆ ಲೆಕ್ಕವನ್ನು ಈಗ ಬಿಚ್ಚಿ ನೋಡೋಣ. ಬೆಲ್‌ಫಾಸ್ಟಿನ ಹಡಗುಕಟ್ಟೆಯ ಕಾರ್ಮಿಕನ ಮಗನಾಗಿ ಹುಟ್ಟಿ, ಹದಿನೈದರ ವಯಸ್ಸಿನಲ್ಲಿ ಮ್ಯಾಂಚೆಸ್ಟರಿಗೆ ಬಂದು, ಊರಿನ ಹಂಬಲ ತಾಳಲಾರದೆ ಒಡನೆಯೇ ಓಡಿಹೋಗಿ, ತಿರುಗಿ ಬಂದ ಈ ಹುಡುಗನು ಮ್ಯಾಂಚೆಸ್ಟರ್ ಯುನೈಟೆಡ್ ಸಂಘದ ಪರವಾಗಿ ಮೊದಲು ಆಡಿದ್ದು 1963ರ ಸೆಪ್ಟೆಂಬರ್ 14ರಂದು. ಕಡೆಯದಾಗಿ ಆಡಿದ್ದು 1974ರ ಜನವರಿ 1ರಂದು. ಆಗ ಅವನಿಗೆ ಇಪ್ಪತ್ತೇಳು ವರ್ಷ. ಇಪ್ಪತ್ತೇಳಕ್ಕೇ ಮುಗಿಯಿತಲ್ಲಾ ಎಂಬುದೇ ಅಭಿಮಾನಿಗಳ ಅಳಲಿನ ಪಲ್ಲವಿ. ಆದರೆ ಅಷ್ಟರೊಳಗೆ ಅವನು ಆ ಸಂಘಕ್ಕಾಗಿ ಆಡಿದ ಪಂದ್ಯಗಳು 470. ಅವನ ಜೊತೆಯಾಟಗಾರನೂ ಅದೇ ಅಭಿಮಾನಿಗಳ ಆರಾಧ್ಯನೂ ಆದ ಡೆನಿಸ್ ಲಾ ಅಲ್ಲಿ ಆಡಿದ್ದು 404. ಲಾ ಅಲ್ಲಿಗೆ ಬರುವ ಮುನ್ನ ಬೇರೆಡೆ ಆಡಿದ್ದನೆಂಬುದು ನಿಜವಾದರೂ, ಅವನ ಪ್ರತಿಭೆ ವ್ಯರ್ಥವಾಯಿತೆಂದು ಯಾರೂ ನಿಟ್ಟುಸಿರು ಬಿಟ್ಟುದಿಲ್ಲ. ಅಭಿಮಾನಿಗಳ ಅಳತೆಗೋಲು ಲಾ ಆಗಿರಲಿಲ್ಲ, 758 ಪಂದ್ಯಗಳನ್ನಾಡಿ ಮೂವತ್ತೈದರಲ್ಲಿ ನಿವೃತ್ತನಾದ ಬಾಬಿ ಚಾರ್ಲ್‌ಟನ್ ಆಗಿದ್ದನು. ಚಾರ್ಲ್‌ಟನ್ನನ ದೀರ್ಘಾಯುವಿನಲ್ಲಿ ಬೆಸ್ಟನನ್ನು ಕಳೆದರೆ ಉಳಿಯುವ ಶೇಷ ಯಾವುದೋ, ಆ ಆಡದೆ ಉಳಿದ ಪಂದ್ಯಗಳಿಗಾಗಿ ಅವರು ಶೋಕಿಸಿದರು.

ಇಂಥ ಶೋಕವನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಕಲ್ಪಿಸಿಕೊಳ್ಳಲು ಕಲಿಸಿದವನು ಆಟಗಾರನೇ. 1966ರ ಮಾರ್ಚಿಯಲ್ಲಿ ಲಿಸ್ಬನ್ನಿನಲ್ಲಿ ಬೆನ್ಫಿಕಾ ತಂಡದೆದುರು ಮೊದಲ ಹನ್ನೆರಡು ನಿಮಿಷಗಳಲ್ಲಿ ಎರಡು ಗೋಲು ಹೊಡೆದು, ಪೋರ್ಚುಗೀಸರೇ ಅವನನ್ನು ಬೀಟಲ್ಸ್ ಗಾಯಕರ ಸಾಲಿಗೆ ಸೇರಿಸುವಂತೆ ಮಾಡಿದವನು ಅವನು. 1968ರ ಮೇ 29ರಂದು ವೆಂಬ್ಲಿಯಲ್ಲಿ, ಅದೇ ಬೆನ್ಫಿಕಾದ ವಿರುದ್ಧ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯವು ಹೆಚ್ಚುವರಿ ಅವಧಿಗೆ ಬೆಳೆದಾಗ, ರಕ್ಷಕನನ್ನು ಹಿಂದಿಕ್ಕಿ, ಮುನ್ನುಗ್ಗಿ ಬಂದ ಗೋಲಿಯನ್ನು ಬಳಸಿಕೊಂಡು ಹೋಗಿ, ಬರಿದಾದ ಗೋಲಿನೊಳಕ್ಕೆ ಅವನು ಚೆಂಡನ್ನು ಉರುಳಿಸಿದನು. ಮ್ಯೂನಿಕ್ಕಿನ ವಿಮಾನಾಪಘಾತದಲ್ಲಿ ತಂಡದ ಎಂಟು ಮಂದಿ ಆಟಗಾರರು ಮಡಿದ ಹತ್ತು ವರ್ಷಗಳ ತರುವಾಯ ಸಂದ ಜಯವದು, 4–1. ಗೆರೆಯ ಮೇಲೆ ಚೆಂಡನ್ನು ನಿಲ್ಲಿಸಿ, ಮಂಡಿಯೂರಿ, ತಲೆಯಿಂದ ಮೆಲ್ಲನೆ ಒಳಕ್ಕೆ ನೂಕಬೇಕೆಂಬ ಆಸೆ ಆ ಗಳಿಗೆಯಲ್ಲಿ ತನಗಿದ್ದಿತೆಂದೂ, ಧೈರ್ಯ ಸಾಲದೆ ಹೋಯಿತೆಂದೂ ಅವನು ಮುಂದೆ ಹೇಳಿಕೊಂಡನು. ಹೊಡೆದ ಗೋಲಿನ ಹಿಂದೆ ಹೊಡೆಯದ ಗೋಲೊಂದನ್ನು ಕಾಣುವ ಈ ದೃಷ್ಟಿ ಅವನಿಂದಲೇ ಅಭಿಮಾನಿಗಳಿಗೆ ಹರಿದುಬಂದಿತೆನ್ನಬೇಕು.

ಆದರೆ ಇತಿಹಾಸಕಾರನು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕಾಗಿದೆ. ಬೆಸ್ಟನ ಪತನವೂ ಅವನ ಸಂಘದ ಪತನವೂ ಏಕಕಾಲದಲ್ಲಿ ನಡೆದವು. 1969ರಲ್ಲಿ ತರಬೇತುದಾರ ಮ್ಯಾಟ್ ಬಸ್ಬಿ ಹಿಂದೆ ಸರಿದನು. ಗೆದ್ದ ತಂಡಕ್ಕೆ ವಯಸ್ಸಾಗುತ್ತಿದ್ದಿತು. ಅದನ್ನು ಹೊಸದಾಗಿ ಕಟ್ಟುವ ಕಾರ್ಯ ನಡೆಯಲಿಲ್ಲ. ಕುಡಿತವು ಹೆಚ್ಚುತ್ತಿದ್ದ ಆ ವರ್ಷಗಳಲ್ಲಿಯೂ ಲೀಗಿನಲ್ಲಿ ತಂಡದ ಅಗ್ರ ಗೋಲುಗಾರನು ಬೆಸ್ಟನೇ. 1972ರ ಮೇ ತಿಂಗಳಿನಲ್ಲಿ ಅವನು ಸ್ಪೇನಿನಿಂದ ನಿವೃತ್ತಿಯನ್ನು ಘೋಷಿಸಿದನು, ಮರಳಿದನು, ಮತ್ತೆ ಘೋಷಿಸಿದನು, ಮತ್ತೆ ಮರಳಿದನು. ಅವನು ಬಿಟ್ಟುಹೋದ ಆ ಋತುವಿನ ಕೊನೆಯಲ್ಲಿಯೇ ತಂಡವು ಎರಡನೆಯ ವಿಭಾಗಕ್ಕೆ ಇಳಿಯಿತು. ಆಡಳಿತ ಮಂಡಲಿಯ ಅದೂರದೃಷ್ಟಿಗಿಂತ ಒಬ್ಬ ಕುಡುಕನ ಬೇಜವಾಬ್ದಾರಿ ಹೇಳಲಿಕ್ಕೆ ಸುಲಭವಾದ ಕಾರಣ. ಸಂಘದ ಮೇಲಿನ ದುಃಖವನ್ನು ಜನ ಅವನ ತಲೆಗೇ ಕಟ್ಟಿದರು. ಕುಡಿತದಿಂದ ಆಟ ಕೆಟ್ಟಿತೆಂಬುದು ಎಷ್ಟು ಸತ್ಯವೋ, ಸೋಲುವ ತಂಡದಲ್ಲಿ ಒಂಟಿಯಾಗಿ ಆಡಬೇಕಾದುದರಿಂದ ಕುಡಿತ ಹೆಚ್ಚಿತೆಂಬುದೂ ಅಷ್ಟೇ ಸತ್ಯವೆಂದು ನನಗೆ ತೋರುತ್ತದೆ.

ಇನ್ನೊಂದು ಮಾತನ್ನು ಅಭಿಮಾನಿಗಳ ಎದುರು ಆಡುವುದು ಕಷ್ಟ. ಅವನ ಮುಂದೆ ಲೋಟಗಳನ್ನು ತಂದಿಟ್ಟವರಲ್ಲಿ ಅನೇಕರು ಅವರೇ. ಬೆಸ್ಟನೊಡನೆ ಒಂದು ಗುಟುಕು ಕುಡಿದೆನೆಂಬುದು ಮ್ಯಾಂಚೆಸ್ಟರಿನಲ್ಲಿಯೂ ಲಂಡನ್ನಿನಲ್ಲಿಯೂ ಮೊಮ್ಮಕ್ಕಳಿಗೆ ಹೇಳಿಕೊಳ್ಳಬಹುದಾದ ಹೆಗ್ಗಳಿಕೆಯಾಗಿದ್ದಿತು. ಅವನ ಮೋಜುಗಳನ್ನು ಬೆಳಗಿನ ಪತ್ರಿಕೆಯಲ್ಲಿ ಬಾಯಿ ಚಪ್ಪರಿಸಿಕೊಂಡು ಓದಿದವರೇ ಸಂಜೆ ಅವನ ಕಾಲುಗಳು ಭಾರವಾದುವೆಂದು ಗೊಣಗಿದರು. ಅವನ ತಾಯಿಯೂ ಇದೇ ಕುಡಿತಕ್ಕೆ ಸಿಕ್ಕಿ 1978ರಲ್ಲಿ ತೀರಿಕೊಂಡಳು. ಅದು ಯಾರ ಆಶಾಭಂಗಕ್ಕೂ ವಿಷಯವಾಗಲಿಲ್ಲ.

ಮಹಾಭಾರತದ ನಳೋಪಾಖ್ಯಾನದಲ್ಲಿ ಈ ಸಂದರ್ಭಕ್ಕೆ ಒದಗುವ ಒಂದು ಸನ್ನಿವೇಶವಿದೆ. ನಳನು ಪುಷ್ಕರನೊಡನೆ ಪಗಡೆಗೆ ಕುಳಿತು ಸೋಲುತ್ತಿರುವಾಗ, ನಿಷಧದ ಪೌರರು ಮಂತ್ರಿಗಳನ್ನು ಕೂಡಿಕೊಂಡು ಅರಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ದಮಯಂತಿ ಕಣ್ಣೀರಿಡುತ್ತ ಅರಸನಿಗೆ ಅರಿಕೆ ಮಾಡುತ್ತಾಳೆ. ಅವನು ತುಟಿ ಬಿಚ್ಚುವುದಿಲ್ಲ. ಪೌರರು ದುಃಖದಿಂದಲೂ ಲಜ್ಜೆಯಿಂದಲೂ ತಂತಮ್ಮ ಮನೆಗಳಿಗೆ ಮರಳುತ್ತಾರೆ. ದುಃಖವೇನೋ ಸಹಜ, ಆ ಲಜ್ಜೆಯನ್ನು ಕಂಡುದು ಕವಿಯ ಸೂಕ್ಷ್ಮತೆ. 1990ರಲ್ಲಿ ಬಿ.ಬಿ.ಸಿ.ಯ ಸಂದರ್ಶನವೊಂದಕ್ಕೆ ಬೆಸ್ಟ್ ಕುಡಿದು ಬಂದು ತೊದಲಿದಾಗ ದೂರದರ್ಶನದೆದುರು ಕುಳಿತಿದ್ದವರು ಅನುಭವಿಸಿದುದು ಈ ಲಜ್ಜೆಯನ್ನೇ: ತಾವು ಮೆರೆಸಿದ ಮೂರ್ತಿಯು ತಮ್ಮ ಮಾನವನ್ನೂ ಕಳೆಯುತ್ತಿದೆಯೆಂಬ ಭಾವ. ಆದರೆ ನಿಷಧದವರಿಗೆ ಒಂದು ಅನುಕೂಲವಿದ್ದಿತು. ನಳನ ಮೈಯಲ್ಲಿ ಕಲಿಪುರುಷನು ಹೊಕ್ಕಿದ್ದಾನೆಂದು ಕಥೆಯೇ ಹೇಳುವುದರಿಂದ ಅಪರಾಧವು ಅರಸನಿಂದ ಬೇರ್ಪಟ್ಟು ನಿಲ್ಲುತ್ತದೆ, ಕಲಿ ಬಿಟ್ಟುಹೋದ ಬಳಿಕ ರಾಜ್ಯವು ಮರಳಿ ದೊರೆಯುತ್ತದೆ. ಮದ್ಯವ್ಯಸನವು ರೋಗವೆನ್ನುವ ಆಧುನಿಕ ವೈದ್ಯವು ಕಲಿಯ ಸ್ಥಾನವನ್ನು ತುಂಬಬಹುದಾಗಿದ್ದಿತು. ಜನ ಅದನ್ನು ಬಾಯಲ್ಲಿ ಒಪ್ಪಿದರು, ಎದೆಯಲ್ಲಿ ಒಪ್ಪಲಿಲ್ಲ. ಕುಡಿದರೆ ವಾಂತಿ ಬರಿಸುವ ಮದ್ದಿನ ಗುಳಿಗೆಗಳನ್ನು ಬೆಸ್ಟ್ ಹೊಟ್ಟೆಯ ಚರ್ಮದಡಿಯಲ್ಲಿ ಹೊಲಿಸಿಕೊಂಡದ್ದೂ ನಿಷ್ಫಲವಾಯಿತು.

ಒಪ್ಪದಿರುವಿಕೆ ಬಯಲಾದುದು 2002ರ ತರುವಾಯ. ಆ ವರ್ಷದ ಜುಲೈಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಅವನಿಗೆ ಯಕೃತ್ತಿನ ಕಸಿ ನಡೆಯಿತು. ಮರುವರ್ಷವೇ ಅವನು ಮತ್ತೆ ಕುಡಿಯತೊಡಗಿದನೆಂಬ ಸುದ್ದಿ ಬಂದಾಗ ಮೂವತ್ತು ವರ್ಷಗಳ ಮರುಕವು ರೋಷವಾಗಿ ತಿರುಗಿತು. ಈ ರೋಷವನ್ನು ನಾನು ಹಳೆಯ ಆಶಾಭಂಗದಿಂದ ಪ್ರತ್ಯೇಕಿಸಲು ಇಚ್ಛಿಸುತ್ತೇನೆ. ಬೆಸ್ಟನ ಎಡಗಾಲಾಗಲಿ ಬಲಗಾಲಾಗಲಿ ಅಭಿಮಾನಿಗಳ ಸ್ವತ್ತಾಗಿರಲಿಲ್ಲ. ಅವುಗಳನ್ನು ಅವನು ಹೇಗೆ ಬಳಸಿದರೂ ಕೇಳುವ ಹಕ್ಕು ಅವರಿಗಿರಲಿಲ್ಲ. ಯಕೃತ್ತಾದರೋ ಸತ್ತ ಮನುಷ್ಯನೊಬ್ಬನು ಬಿಟ್ಟುಹೋದ ದಾನ. ಸರದಿಯಲ್ಲಿ ಕಾದು ಕುಳಿತಿದ್ದ ಬೇರೊಬ್ಬನಿಗೆ ತಪ್ಪಿಹೋದದ್ದು. ವ್ಯರ್ಥವಾಯಿತೆಂಬ ಮಾತು ಅವನ ಚರಿತ್ರೆಯಲ್ಲಿ ಪೂರ್ಣಾರ್ಥದಲ್ಲಿ ಸಲ್ಲುವುದು ಇಲ್ಲಿ ಮಾತ್ರ, ಮತ್ತು ಇಲ್ಲಿ ಕಾಲ್ಚೆಂಡಿಗೆ ಸಂಬಂಧವೇ ಇಲ್ಲ.

2005ರ ನವೆಂಬರ್ 25ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ನಿಧನನಾದನು. ಡಿಸೆಂಬರ್ 3ರಂದು ಬೆಲ್‌ಫಾಸ್ಟಿನಲ್ಲಿ ನಡೆದ ಶವಯಾತ್ರೆಯನ್ನು ಕಾಣಲು ಮಳೆಯಲ್ಲಿ ನಿಂತವರು ಲಕ್ಷದ ಸಮೀಪವೆಂದು ಅಂದಾಜು. ಪ್ರಾಟೆಸ್ಟೆಂಟರೂ ಕ್ಯಾಥೊಲಿಕ್ಕರೂ ದಶಕಗಳ ಕಾಲ ರಕ್ತ ಹರಿಸಿದ್ದ ಆ ಊರಿನಲ್ಲಿ ಎರಡು ಪಂಗಡದವರೂ ತಮ್ಮವನೆಂದುಕೊಂಡ ಹುಡುಗನು ಅವನು. ಉತ್ತರ ಐರ್ಲೆಂಡಿಗಾಗಿ ಅವನು ಆಡಿದ್ದು 37 ಪಂದ್ಯಗಳು, ಹೊಡೆದದ್ದು 9 ಗೋಲು. ವಿಶ್ವಕಪ್ಪಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಲೆಕ್ಕ ಹಿಡಿದರೆ ಮ್ಯಾಂಚೆಸ್ಟರಿಗಿಂತ ಬೆಲ್‌ಫಾಸ್ಟಿಗೇ ನಷ್ಟ ಹೆಚ್ಚು. ಆದರೂ ದೂರು ಕಡಿಮೆ ಕೇಳಿಬಂದದ್ದು ಬೆಲ್‌ಫಾಸ್ಟಿನಲ್ಲಿಯೇ: 2006ರ ಅವನ ಜನ್ಮದಿನದಂದು ಊರಿನ ವಿಮಾನನಿಲ್ದಾಣಕ್ಕೆ ಅವನ ಹೆಸರಿಟ್ಟರು, ಅಲ್ಲಿಯ ಬ್ಯಾಂಕೊಂದು ಅವನ ಚಿತ್ರವಿರುವ ಐದು ಪೌಂಡಿನ ಹತ್ತು ಲಕ್ಷ ನೋಟುಗಳನ್ನು ಹೊರಡಿಸಿತು, ಜನ ಸಾಲುಗಟ್ಟಿ ನಿಂತು ಅವುಗಳನ್ನು ಕೊಂಡು, ಖರ್ಚು ಮಾಡದೆ ಪೆಟ್ಟಿಗೆಯಲ್ಲಿಟ್ಟುಕೊಂಡರು.