ಕೊಂಬಿನ ಹೊದಿಕೆ, ಮರಳಿನ ಹಾಳೆ

ಮಕ್ಕಳ ಕೈಗೆ ಸಿಕ್ಕಿದ ಪುಸ್ತಕದ ಆಯುಷ್ಯ ಬಹಳ ದಿನದ್ದಲ್ಲ ಎಂಬುದು ಮಕ್ಕಳೊಂದಿಗರಿಗೆಲ್ಲ ತಿಳಿದ ಸಂಗತಿ. ಮೊದಲು ಹಾಳೆಯ ಮೂಲೆ ಸುರುಳಿ ಸುತ್ತಿಕೊಳ್ಳುತ್ತದೆ. ಆಮೇಲೆ ಹೊಲಿಗೆ ಬಿಡುತ್ತದೆ. ಒಂದು ದಿನ ನೋಡಿದರೆ ಮೊದಲ ಹಾಳೆಯೇ ಇರುವುದಿಲ್ಲ. ಅಕ್ಷರಮಾಲೆ ಇರುವುದು ಆ ಹಾಳೆಯಲ್ಲಿಯೇ. ಎಲ್ಲರ ಕೈಯೂ ಮೊದಲು ಬೀಳುವುದು ಅದರ ಮೇಲೆಯೇ. ಅತ್ಯಂತ ಹೆಚ್ಚಾಗಿ ಬೇಕಾದ ಹಾಳೆಯೇ ಅತ್ಯಂತ ಬೇಗ ಹರಿದುಹೋಗುವುದು ವಿದ್ಯಾಭ್ಯಾಸದ ಚರಿತ್ರೆಯುದ್ದಕ್ಕೂ ಕಾಣುವ ಒಂದು ಚಿಕ್ಕ ದುರಂತ.

ಇಂದು ಮನೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳುವ ತಂದೆತಾಯಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅಮೆರಿಕದಲ್ಲಿ 1993ರ ಹೊತ್ತಿಗೆ ಎಲ್ಲ 50 ಸಂಸ್ಥಾನಗಳಲ್ಲಿಯೂ ಮನೆಪಾಠಕ್ಕೆ ಕಾನೂನಿನ ಸಮ್ಮತಿ ದೊರೆತಿತ್ತು. ಅಂಥ ಮನೆಗಳಲ್ಲಿ ಅಭ್ಯಾಸದ ಹಾಳೆಯನ್ನು ಪಾರದರ್ಶಕವಾದ ಪ್ಲಾಸ್ಟಿಕ್ ಲಕೋಟೆಯೊಳಗೆ ಸೇರಿಸುತ್ತಾರೆ, ಇಲ್ಲವೆ ಲ್ಯಾಮಿನೇಷನ್ ಮಾಡಿಸುತ್ತಾರೆ. ಹಿರಿಯ ಮಗು ಅದರ ಮೇಲೆ ಬರೆದು ಒರೆಸುತ್ತದೆ. ಎರಡು ವರ್ಷದ ಮೇಲೆ ಅದೇ ಹಾಳೆ ಕಿರಿಯ ಮಗುವಿನ ಕೈಗೆ ಬರುತ್ತದೆ. ನಮ್ಮಲ್ಲಿ ಅಣ್ಣನ ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿ ತಮ್ಮನಿಗೆ ಕಾಯ್ದಿಡುತ್ತಿದ್ದುದರ ಹಿಂದೆಯೂ ಇದೇ ಆಲೋಚನೆಯಿತ್ತು. ಪ್ಲಾಸ್ಟಿಕ್ ಹೊಸದು, ನಿಜ. ಆದರೆ ಪಾಠದ ಹಾಳೆಯ ಮೇಲೆ ಪಾರದರ್ಶಕವಾದ ಹೊದಿಕೆ ಹೊದಿಸಿ ಮತ್ತೆ ಮತ್ತೆ ಬಳಸುವ ಯುಕ್ತಿ ಹೊಸದಲ್ಲ. ಅದಕ್ಕೆ ಐನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ.

ಹದಿನೈದನೆಯ ಶತಮಾನದ ಇಂಗ್ಲೆಂಡಿಗೆ ಹೋಗೋಣ. ವಿಲಿಯಂ ಕ್ಯಾಕ್ಸ್‌ಟನ್ ಆ ದೇಶದ ಮೊದಲ ಮುದ್ರಣಾಲಯವನ್ನು ವೆಸ್ಟ್‌ಮಿನ್‌ಸ್ಟರಿನಲ್ಲಿ ತೆರೆದದ್ದು 1476ರಲ್ಲಿ. ಅಚ್ಚಿನ ಯಂತ್ರ ಬಂದ ಮಾತ್ರಕ್ಕೆ ಕಾಗದ ಅಗ್ಗವಾಗಲಿಲ್ಲ. ಆಗಿನ ಕಾಗದವನ್ನು ಹಳೆಯ ನಾರುಬಟ್ಟೆಯ ಚಿಂದಿಯಿಂದ ಮಾಡಬೇಕಾಗಿತ್ತು. ಬಹುಪಾಲು ಕಾಗದ ಸಮುದ್ರದಾಚೆಯಿಂದ ಬರಬೇಕಾಗಿತ್ತು. ಜಾನ್ ಸ್ಪಿಲ್‌ಮನ್ ಎಂಬವನು ಡಾರ್ಟ್‌ಫರ್ಡಿನಲ್ಲಿ ಗಟ್ಟಿಯಾಗಿ ನೆಲೆನಿಂತ ಕಾಗದದ ಕಾರ್ಖಾನೆಯನ್ನು ಆರಂಭಿಸಿದ್ದು 1588ರಲ್ಲಿ, ಎಂದರೆ ಮುದ್ರಣ ಬಂದು ನೂರು ವರ್ಷಗಳಾದ ಮೇಲೆ. ಇಂಥ ಕಾಗದದ ಪುಸ್ತಕವನ್ನು ಐದು ವರ್ಷದ ಹುಡುಗನ ಕೈಗೆ ಕೊಡುವ ಧೈರ್ಯ ಯಾವ ಬಡ ತಂದೆಗೆ ಇದ್ದೀತು?

ಇದಕ್ಕೆ ಉತ್ತರವಾಗಿ ಹುಟ್ಟಿದ್ದು ‘ಹಾರ್ನ್‌ಬುಕ್’. ಕನ್ನಡದಲ್ಲಿ ಕೊಂಬಿನ ಪುಸ್ತಕ ಎನ್ನೋಣ. ಪುಸ್ತಕವೆಂದರೂ ಅದರಲ್ಲಿ ಇದ್ದದ್ದು ಒಂದೇ ಹಾಳೆ. ಅಂಗೈಯಗಲದ ಒಂದು ಮರದ ಹಲಗೆ, ಅದಕ್ಕೆ ಕೆಳಗೊಂದು ಹಿಡಿ. ಹಲಗೆಯ ಮೇಲೆ ಪಾಠದ ಹಾಳೆ. ಹಾಳೆಯ ಮೇಲೆ ತೆಳುವಾಗಿ ಸೀಳಿದ ಕೊಂಬಿನ ಒಂದು ಪದರ. ಅಂಚಿಗೆ ಹಿತ್ತಾಳೆಯ ಪಟ್ಟಿ ಇಟ್ಟು ಚಿಕ್ಕ ಮೊಳೆ ಹೊಡೆದರೆ ಮುಗಿಯಿತು. ಹಿಡಿಯಲ್ಲಿ ತೂತು ಕೊರೆದು ದಾರ ಕಟ್ಟಿ ಮಗುವಿನ ನಡುಪಟ್ಟಿಗೆ ತೂಗಹಾಕುತ್ತಿದ್ದುದೂ ಉಂಟು. ನೆಲಕ್ಕೆ ಬಿದ್ದರೂ, ಮಳೆಯಲ್ಲಿ ನೆನೆದರೂ, ಎಣ್ಣೆಗೈಯಿಂದ ಮುಟ್ಟಿದರೂ ಅಕ್ಷರಗಳಿಗೆ ಬಾಧೆಯಿಲ್ಲ.

ಕೊಂಬಿನಿಂದ ಗಾಜಿನಂಥ ಹೊದಿಕೆ ಹೇಗೆ ಬಂದೀತು ಎಂದು ವಾಚಕರು ಕೇಳಬಹುದು. ದನದ ಕೊಂಬನ್ನು ಬಹುಕಾಲ ನೀರಿನಲ್ಲಿ ನೆನೆಹಾಕಿದರೆ ಒಳಗಿನ ಎಲುಬು ಸಡಿಲವಾಗಿ ಹೊರಚಿಪ್ಪು ಬಿಟ್ಟುಬರುತ್ತದೆ. ಆ ಚಿಪ್ಪನ್ನು ಕಾಯಿಸಿದರೆ ಮೆತ್ತಗಾಗುತ್ತದೆ. ಆಗ ಉದ್ದಕ್ಕೆ ಸೀಳಿ, ಬಿಡಿಸಿ, ಕಾದ ಲೋಹದ ಫಲಕಗಳ ನಡುವೆ ಒತ್ತಿ, ಪದರ ಪದರವಾಗಿ ಬಿಡಿಸಿ, ಹೆರೆದು ಉಜ್ಜಿದರೆ ಬೆಳಕು ಹಾಯುವ ತೆಳುವಾದ ಹಾಳೆ ಸಿದ್ಧ. ಗಾಜು ದುಬಾರಿಯಾಗಿದ್ದ ಆ ಕಾಲದಲ್ಲಿ ಲಾಂದ್ರದ ಕಿಟಕಿಗಳಿಗೂ ಇದನ್ನೇ ಕೂಡಿಸುತ್ತಿದ್ದರು. ಕೊಂಬಿನ ಕೆಲಸದವರಿಗೆ ಲಂಡನ್ನಿನಲ್ಲಿ ತಮ್ಮದೇ ಆದ ಶ್ರೇಣಿಯಿತ್ತು. ಕ್ಯಾಕ್ಸ್‌ಟನ್ ಮುದ್ರಣಾಲಯ ತೆರೆದ ಆ 1476ರಲ್ಲಿಯೇ ಅದು ತೊಗಲಿನ ಸೀಸೆ ಮಾಡುವವರ ಶ್ರೇಣಿಯೊಡನೆ ಒಂದಾಯಿತು. 1638ರಲ್ಲಿ ಅದಕ್ಕೆ ರಾಜಸನ್ನದೂ ದೊರೆಯಿತು. ಲಾಂದ್ರದ ದೀಪವನ್ನು ಗಾಳಿಯಿಂದ ಕಾಪಾಡಿದ ಕೊಂಬೇ ಮಕ್ಕಳ ಅಕ್ಷರಗಳನ್ನು ಕೈಕೊಳೆಯಿಂದ ಕಾಪಾಡಿತು.

ಹಾಳೆಯಲ್ಲಿ ಇದ್ದುದೇನು? ಮೊದಲಿಗೆ ಒಂದು ಶಿಲುಬೆಯ ಗುರುತು. ಅದರ ಮಗ್ಗುಲಿಗೆ ಚಿಕ್ಕ ಅಕ್ಷರಮಾಲೆ, ಬಳಿಕ ದೊಡ್ಡ ಅಕ್ಷರಮಾಲೆ. ಸ್ವರಗಳ ಒಂದು ಸಾಲು. ಸ್ವರವನ್ನು ವ್ಯಂಜನಕ್ಕೆ ಕೂಡಿಸಿದ ಒಂದೆರಡು ಸಾಲು, ನಮ್ಮ ಕಾಗುಣಿತದ ಬೀಜರೂಪವೆನ್ನಬಹುದು. ಕೊನೆಗೆ ಕ್ರೈಸ್ತರ ಪ್ರಾರ್ಥನೆ. ಓನಾಮದಿಂದ ಅಕ್ಷರಾಭ್ಯಾಸ ತೊಡಗುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸದೆನಿಸುತ್ತಿರಲಿಲ್ಲ. ದೇವರ ಹೆಸರು ಹೇಳದೆ ಅಕ್ಷರ ಮುಟ್ಟಬಾರದೆಂಬ ಭಾವನೆ ಎರಡು ಕಡೆಗೂ ಒಂದೇ.

ಜನಜೀವನದಲ್ಲಿ ಈ ಕೊಂಬಿನ ಪುಸ್ತಕ ಎಷ್ಟು ಬೆರೆತುಹೋಗಿತ್ತೆಂಬುದಕ್ಕೆ ಸಾಹಿತ್ಯವೇ ಸಾಕ್ಷಿ. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಪಂಡಿತಮ್ಮನ್ಯನಾದ ಉಪಾಧ್ಯಾಯನೊಬ್ಬನನ್ನು ಇದರ ಹೆಸರೆತ್ತಿ ಹಾಸ್ಯ ಮಾಡಲಾಗಿದೆ. ಕವಿ ಮ್ಯಾಥ್ಯೂ ಪ್ರಯರ್ 1718ರಲ್ಲಿ ಪ್ರಕಟಿಸಿದ ಒಂದು ಕಾವ್ಯದಲ್ಲಿ ಶುಂಠಿ ಹಾಕಿದ ಸಿಹಿರೊಟ್ಟಿಯಿಂದ ಮಾಡಿದ ಹಾರ್ನ್‌ಬುಕ್ಕಿನ ಮಾತು ಬರುತ್ತದೆ. ಮಗು ಅಕ್ಷರವನ್ನು ಕಲಿತು ಅದನ್ನೇ ತಿಂದುಬಿಡುತ್ತದೆ. ಮರದ ಹಲಗೆಗೆ ಹಿಡಿಯಿದ್ದುದರಿಂದ ಹುಡುಗರು ಅದನ್ನೇ ದಾಂಡನ್ನಾಗಿ ಮಾಡಿಕೊಂಡು ಪುಕ್ಕದ ಚೆಂಡನ್ನು ಹೊಡೆಯುತ್ತಿದ್ದರು. ‘ಬ್ಯಾಟಲ್‌ಡೋರ್’ ಎಂಬ ಆಟದ ದಾಂಡಿನ ಹೆಸರೇ ಪಾಠದ ಹಲಗೆಗೂ ಬಂತು. 1746ರ ಸುಮಾರಿಗೆ ಸ್ಯಾಲಿಸ್ಬರಿಯ ಬೆಂಜಮಿನ್ ಕಾಲಿನ್ಸ್ ಮಡಚುವ ರಟ್ಟಿನ ಪಾಠವೊಂದನ್ನು ಹೊರತಂದಾಗ ಆ ಹೆಸರೇ ಅದಕ್ಕೂ ಅಂಟಿಕೊಂಡಿತು.

ಕೊಂಬಿನ ಹೊದಿಕೆಗೆ ಒಂದು ಮಿತಿಯೂ ಇತ್ತು. ಅದು ಓದುವ ಹಾಳೆಯನ್ನು ಕಾಪಾಡಿತೇ ಹೊರತು ಬರೆಯುವ ಹಾಳೆಯನ್ನು ಒದಗಿಸಲಿಲ್ಲ. ಕೈ ತಿದ್ದುವುದಕ್ಕೆ, ಲೆಕ್ಕ ಮಾಡುವುದಕ್ಕೆ ದಿನವೂ ಹೊಸ ಹಾಳೆ ಬೇಕು. ಈ ಪ್ರಶ್ನೆಗೆ ನಮ್ಮ ನಾಡು ಬೇರೊಂದು ಉತ್ತರವನ್ನು ಹೇಳಿತ್ತು.

1623ರಲ್ಲಿ ಪೀಟ್ರೊ ಡೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯೊಡನೆ ಘಟ್ಟ ಹತ್ತಿ, ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಯತ್ತ ಹೊರಟಿದ್ದ. ದಾರಿಯಲ್ಲಿ ಒಂದು ಗುಡಿಯ ಮುಖಮಂಟಪದಲ್ಲಿ ನಾಲ್ವರು ಹುಡುಗರು ಕುಳಿತು ಲೆಕ್ಕ ಕಲಿಯುವುದನ್ನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರು ಹಾಗೆಯೇ ಹಾಡುತ್ತ ಬರೆಯುವರು. ನೆಲವೆಲ್ಲ ತುಂಬಿತೆಂದರೆ ಅಳಿಸಿ, ಬೇಕಾದರೆ ಮೇಲಿಷ್ಟು ಹೊಸ ಮರಳು ಚೆಲ್ಲಿ, ಮತ್ತೆ ತೊಡಗುವರು. ಕಾಗದ ಹಾಳಾಗಬಾರದೆಂಬುದೇ ಇದರ ಉದ್ದೇಶವೆಂದು ಆತ ತಿಳಿದುಕೊಂಡ. ಗುರುವಿಲ್ಲದಿರುವಾಗ ಏನಾದರೂ ಮರೆತರೆ ತಿದ್ದುವವರು ಯಾರೆಂದು ಕೇಳಿದಾಗ, ನಾಲ್ವರೂ ಒಟ್ಟಿಗೆ ಒಂದನ್ನೇ ಮರೆಯುವುದು ಸಾಧ್ಯವಿಲ್ಲ, ಒಬ್ಬನಿಗೆ ಮರೆತದ್ದನ್ನು ಇನ್ನೊಬ್ಬ ನೆನಪಿಸುತ್ತಾನೆ ಎಂದು ಹುಡುಗರು ಉತ್ತರವಿತ್ತರಂತೆ. ಮಲೆನಾಡಿನ ಆ ಅನಾಮಿಕ ಬಾಲಕರ ಮಾತು ಯಾವ ಶಿಕ್ಷಣತಜ್ಞನ ಮಾತಿಗೂ ಕಡಮೆಯಲ್ಲ.

ಹಾಳೆಯನ್ನು ಕಾಪಾಡುವ ಬದಲು ಹಾಳೆಯೇ ಬೇಡವೆಂದದ್ದು ಮರಳಿನ ಪದ್ಧತಿ. ಇವೆರಡರ ನಡುವಣ ದಾರಿ ನಮ್ಮ ಕಡತದ್ದು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕೊನೆಗಳಿಗೆ ಹಲಗೆ ಕಟ್ಟಿದರೆ ಕಡತವಾಗುತ್ತದೆ. ಅದರ ಮೇಲೆ ಬಳಪದಿಂದ ಬರೆದರೆ ಕರಿಯ ನೆಲದಲ್ಲಿ ಬಿಳಿಯ ಅಕ್ಷರ. ಬೇಡವಾದರೆ ಅಳಿಸಬಹುದು, ಮಾಸಿದರೆ ಮತ್ತೆ ಕಪ್ಪು ಬಳಿಯಬಹುದು. ವರ್ತಕರು, ಶಾನುಭೋಗರು ಲೆಕ್ಕಪತ್ರಕ್ಕೆ ಇದನ್ನೇ ನೆಚ್ಚಿದ್ದರು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಹೇರಳವಾಗಿ ಉಳಿದುಬಂದಿವೆ. ಬಟ್ಟೆ ಹೋಯಿತು, ಹೆಸರು ಉಳಿಯಿತು. ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಸಾಗುವ ಫೈಲನ್ನು ಇಂದಿಗೂ ನಾವು ಕಡತವೆನ್ನುತ್ತೇವೆ. ಅಳಿಸಿ ಬರೆಯುವ ಸೌಕರ್ಯಕ್ಕಾಗಿ ಹುಟ್ಟಿದ ವಸ್ತುವಿನ ಹೆಸರು, ಒಂದಕ್ಷರವನ್ನೂ ಅಳಿಸಲಾಗದ ದಾಖಲೆಗೆ ಸಂದದ್ದು ಭಾಷೆಯ ವಿನೋದ.

ಹದಿನೆಂಟನೆಯ ಶತಮಾನದ ಕೊನೆಗೆ ಈ ಎರಡು ದಾರಿಗಳೂ ಒಂದೆಡೆ ಕೂಡಿದವು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರಿಗಾಗಿ ಇದ್ದ ಶಾಲೆಯ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಪಾದ್ರಿ ಆಂಡ್ರೂ ಬೆಲ್, ನಾಡಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಕಲಿತ ಹುಡುಗನಿಂದ ಕಲಿಯುವ ಹುಡುಗನಿಗೆ ಹೇಳಿಸುವ ಕ್ರಮವನ್ನೂ ಬಳಸಿದ. ಸ್ವದೇಶಕ್ಕೆ ಮರಳಿ 1797ರಲ್ಲಿ ತನ್ನ ಪ್ರಯೋಗದ ವರದಿಯನ್ನು ಅಚ್ಚು ಹಾಕಿಸಿದ. ಮದರಾಸು ಪದ್ಧತಿಯೆಂಬ ಹೆಸರಿನಿಂದ ಅದು ಇಂಗ್ಲೆಂಡಿನ ಶಾಲೆಗಳಲ್ಲಿ ಹಬ್ಬಿತು. ಕೊಂಬಿನ ಪುಸ್ತಕದ ನಾಡಿನ ಮಕ್ಕಳು ಮರಳಿನ ತಟ್ಟೆಯ ಮುಂದೆ ಕುಳಿತರು. ಅದೇ ಕಾಲದಲ್ಲಿ ಲಂಡನ್ನಿನ ಬರೋ ರಸ್ತೆಯಲ್ಲಿ ಬಡ ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದ ಜೋಸೆಫ್ ಲ್ಯಾಂಕಾಸ್ಟರ್ ಪಾಠವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ, ಹಲಗೆಗಂಟಿಸಿ ಗೋಡೆಗೆ ತೂಗಹಾಕಿಸಿದ. ಆರುನೂರು ಪುಸ್ತಕಗಳ ಕೆಲಸವನ್ನು ಒಂದೇ ಪುಸ್ತಕದಿಂದ ಮಾಡಿಸಬಹುದೆಂಬುದು ಆತನ ವಾದ. ಮಗು ಮುಟ್ಟದ ಹಾಳೆ ಹರಿಯುವುದಿಲ್ಲವಷ್ಟೆ!

ಆಮೇಲೆ ಸ್ಲೇಟು ಬಂತು. ಮರದ ತಿರುಳಿನಿಂದ ಅಗ್ಗದ ಕಾಗದ ಬಂತು. 1861ರಲ್ಲಿ ಬ್ರಿಟನ್ ಕಾಗದದ ಮೇಲಿನ ಸುಂಕವನ್ನೂ ತೆಗೆದುಹಾಕಿತು. ಹಾಳೆಯನ್ನು ಕಾಪಾಡುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಸುಲಭವಾದಾಗ ಕೊಂಬಿನ ಪುಸ್ತಕವನ್ನು ಕೇಳುವವರಿಲ್ಲವಾದರು. 1896ರಲ್ಲಿ ಲಂಡನ್ನಿನ ಪ್ರಕಾಶಕ ಆಂಡ್ರೂ ಟ್ಯೂಯರ್ ಅದರ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆಯುವ ಹೊತ್ತಿಗೆ, ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಆ ವಸ್ತು ಸಂಗ್ರಾಹಕರು ಹುಡುಕಿ ಅಲೆಯುವ ಅಪರೂಪದ ಪದಾರ್ಥವಾಗಿತ್ತು. ಹಾಳೆ ಸವೆಯದಿರಲೆಂದು ಮಾಡಿದ ಹಲಗೆಯನ್ನು ಮಕ್ಕಳು ಸವೆಸಿದರು. ಉಳಿದುದನ್ನು ದೊಡ್ಡವರು ಎಸೆದರು.

ಇಪ್ಪತ್ತನೆಯ ಶತಮಾನದಲ್ಲಿ ಹೊದಿಕೆ ಹೊಸ ವೇಷದಲ್ಲಿ ಮರಳಿತು. 1930ರ ದಶಕದಲ್ಲಿ ಅಮೆರಿಕದ ವಿಲಿಯಂ ಬ್ಯಾರೋ ಮೊದಲಾದವರು ಹಳೆಯ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಎಂಬ ಪಾರದರ್ಶಕ ಪೊರೆಯ ನಡುವೆ ಇಟ್ಟು, ಕಾವು ಕೊಟ್ಟು ಒತ್ತಿದರು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಯಂತ್ರವಿಲ್ಲದೆ, ಅಸಿಟೋನ್ ದ್ರಾವಣವನ್ನು ಕೈಯಿಂದಲೇ ಸವರಿ ಪೊರೆ ಅಂಟಿಸುವ ಕ್ರಮ 1950ರ ದಶಕದಲ್ಲಿ ರೂಢಿಗೆ ಬಂತು. ಶಾಶ್ವತ ಪರಿಹಾರ ದೊರೆಯಿತೆಂದು ಆಗ ತೋರಿತು. ಆದರೆ ಕಾಗದದ ಒಳಗಿನ ಆಮ್ಲ ಹೊದಿಕೆಯ ಒಳಗೂ ತನ್ನ ಕೆಲಸವನ್ನು ಬಿಡಲಿಲ್ಲ. ಪೊರೆಯೂ ಕಾಲಕ್ರಮದಲ್ಲಿ ಕೆಡತೊಡಗಿತು. ಅಂಟಿದ್ದನ್ನು ಬಿಡಿಸುವುದು ಕಷ್ಟವಾಯಿತು. ಆದ್ದರಿಂದ ಮತ್ತೆ ಬಿಡಿಸಲಾಗದ ಯಾವ ಹೊದಿಕೆಯನ್ನೂ ಮೂಲಪತ್ರಕ್ಕೆ ಹಾಕಬಾರದೆಂಬುದು ಇಂದಿನ ಸಂರಕ್ಷಕರ ನಿಯಮ. ಮನೆಪಾಠದ ಹಾಳೆಗೆ ಲ್ಯಾಮಿನೇಷನ್ ಸಲ್ಲುತ್ತದೆ, ಹೋದರೆ ಇನ್ನೊಂದು ಪ್ರತಿ ತೆಗೆದರಾಯಿತು. ಆದರೆ ಅಜ್ಜನ ಕೈಬರಹದ ಹಾಳೆಗೆ ಅದು ಸಲ್ಲದು. ಅದನ್ನು ಅಂಟಿಲ್ಲದ ಲಕೋಟೆಯಲ್ಲಿ ಸಡಿಲವಾಗಿ ಇಡುವುದೇ ಮೇಲು. ಬಳಸುವುದಕ್ಕಾಗಿ ಕಾಪಾಡುವುದು ಬೇರೆ, ಉಳಿಸುವುದಕ್ಕಾಗಿ ಕಾಪಾಡುವುದು ಬೇರೆ.

ಈ ಕಥೆಯಲ್ಲಿ ಮರೆಯಬಾರದ ಇನ್ನೊಂದು ಮಾತಿದೆ. ಕೊಂಬಿನ ಕೆಳಗೆ ಸೇರಿದ ಪಾಠ ಕೊಳೆಯಾಗಲಿಲ್ಲ ನಿಜ; ಅದು ಬದಲಾಗಲೂ ಇಲ್ಲ. ಮೊಳೆ ಹೊಡೆದ ಹಾಳೆಗೆ ಹೊಸ ಸಾಲು ಸೇರಿಸುವಂತಿಲ್ಲ. ಶತಮಾನಗಳವರೆಗೆ ಅದೇ ಅಕ್ಷರ, ಅದೇ ಪ್ರಾರ್ಥನೆ. ಇನ್ನು ನಮ್ಮ ಮರಳು ಎಲ್ಲರಿಗೂ ಬಿಟ್ಟಿ ಸಿಗುವ ವಸ್ತು. ಆದರೆ ಮರಳು ಹರಡಿದ ಮಂಟಪ ಎಲ್ಲರದ್ದಾಗಿರಲಿಲ್ಲ. ಗುಡಿಯ ಮೆಟ್ಟಿಲು ಹತ್ತಲಾರದ ಕುಲಗಳ ಮಕ್ಕಳಿಗೂ, ಬಹುತೇಕ ಹೆಣ್ಣುಮಕ್ಕಳಿಗೂ ಆ ನುಣ್ಣನೆಯ ಮರಳು ಎಟುಕಲಿಲ್ಲ. ಹಾಳೆಯ ಬೆಲೆಯನ್ನು ಇಳಿಸುವ ಉಪಾಯ ಎರಡು ನಾಡುಗಳಿಗೂ ಹೊಳೆದಿತ್ತು. ಹಾಳೆಯ ಮುಂದೆ ಯಾರು ಕೂರಬೇಕೆಂಬುದು ಉಪಾಯದಿಂದ ಬಗೆಹರಿಯುವ ಪ್ರಶ್ನೆಯಾಗಿರಲಿಲ್ಲ.

ಕನ್ನಡದಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಗುರು ಬರೆದ ಅಕ್ಷರದ ಮೇಲೆ ಕೈಯಾಡಿಸಿ ಮತ್ತೆ ಮತ್ತೆ ಬರೆಯುವುದೂ ತಿದ್ದುವುದೇ; ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಒಂದೇ ಹಾಳೆಯನ್ನು ಹಲವು ಸಲ ಬಳಸುವ ಅಗತ್ಯದಲ್ಲಿ ಕಲಿಕೆಯ ಈ ಎರಡು ಮುಖಗಳೂ ಅಡಗಿವೆ. ಮಗುವಿಗೆ ಹತ್ತು ಸಲ ತಪ್ಪುವ ಅವಕಾಶ ಬೇಕು. ಹತ್ತು ಸಲವೂ ಹಾಳೆ ಹಾಳಾಯಿತೆಂಬ ಗದರಿಕೆ ಇರಬಾರದು. ಕೊಂಬು, ಮರಳು, ಕಡತ, ಸ್ಲೇಟು, ಪ್ಲಾಸ್ಟಿಕ್ ಎಲ್ಲವೂ ಬಡತನದ ನಡುವೆ ಆ ಅವಕಾಶವನ್ನು ಒದಗಿಸಲು ಹೆಣಗಿದ ಉಪಾಯಗಳು. ಇಕ್ಕೇರಿಯ ದಾರಿಯ ಆ ಬಾಲಕರು ಬರೆದ ಅಂಕಿ ಅಂದು ಸಂಜೆಗೇ ಅಳಿದುಹೋಗಿರಬೇಕು. ಅವರು ಬಾಯಿಂದ ಬಾಯಿಗೆ ದಾಟಿಸಿದ ಮಗ್ಗಿ ಮಾತ್ರ ಅಳಿಯದೆ ನಮ್ಮ ಮಕ್ಕಳವರೆಗೂ ನಡೆದುಬಂದಿದೆ.