ಒಡೆಯನನ್ನು ಅರಸಿದ ನಾಯಿ

ಹಾಸ್ಯದ ಚರಿತ್ರೆಯನ್ನು ಬರೆಯುವವರು ಏಳು ನಿಮಿಷದ ಕಾರ್ಟೂನ್ ಚಿತ್ರಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. ದೊಡ್ಡ ಚಿತ್ರ ಆರಂಭವಾಗುವ ಮೊದಲು, ಪ್ರೇಕ್ಷಕರು ತಮ್ಮ ತಮ್ಮ ಆಸನಗಳನ್ನು ಹುಡುಕಿಕೊಳ್ಳುವ ಹೊತ್ತಿನಲ್ಲಿ, ತೆರೆಯ ಮೇಲೆ ಹಾದುಹೋಗುತ್ತಿದ್ದ ಚಿತ್ರಗಳು ಅವು. ಆದರೂ ಅವುಗಳಲ್ಲಿ ಕೆಲವು ನಗು ಮುಗಿದ ಮೇಲೂ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆಯ ಚಾರ್ಲಿ ಎಂಬ ಬೀದಿನಾಯಿಯ ಚಿತ್ರಗಳು ಅಂಥವು. ಅವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಕಥೆ ಒಂದೇ ಸಾಲಿನದು. ನಾಯಿಗೆ ಒಡೆಯನಿಲ್ಲ, ಎದುರಿಗೆ ಸಿಕ್ಕವನಿಗೆ ನಾಯಿ ಬೇಕಿಲ್ಲ. ಇದರ ಮೊದಲ ರೂಪ 1941ರ ಡಿಸೆಂಬರಿನಲ್ಲಿ ಬಂದ, ಬಾಬ್ ಕ್ಲಾಂಪೆಟ್ ನಿರ್ದೇಶಿಸಿದ ‘ಪೋರ್ಕೀಸ್ ಪೂಚ್’ ಎಂಬ ಕಪ್ಪು ಬಿಳುಪಿನ ಚಿತ್ರ. ಒಬ್ಬ ಯಜಮಾನನನ್ನು ಸಂಪಾದಿಸಿಕೊಂಡ ನಾಯಿ ತನ್ನ ಸಾಹಸವನ್ನು ಇನ್ನೊಂದು ನಾಯಿಗೆ ಹೇಳುವ ಕಥೆ ಅದು. ಆರು ವರ್ಷಗಳ ಅನಂತರ ಚಕ್ ಜೋನ್ಸ್ ಅದೇ ಎಳೆಯನ್ನು ಕೈಗೆತ್ತಿಕೊಂಡು, 1947ರಲ್ಲಿ ‘ಲಿಟ್ಲ್ ಆರ್ಫನ್ ಏರ್‌ಡೇಲ್’ ಎಂಬ ವರ್ಣಚಿತ್ರ ಮಾಡಿದರು. 1949ರಲ್ಲಿ ಎರಡು, 1950ರಲ್ಲಿ ಒಂದು, 1951ರಲ್ಲಿ ಒಂದು: ಹೀಗೆ ಚಾರ್ಲಿಯ ಐದು ಚಿತ್ರಗಳು ಬಂದವು. ಇವುಗಳಲ್ಲಿ 1949ರ ಆಗಸ್ಟಿನಲ್ಲಿ ಬಿಡುಗಡೆಯಾದ ‘ಆಫನ್ ಆ್ಯನ್ ಆರ್ಫನ್’ ನನಗೆ ಮಿಕ್ಕವುಗಳಿಗಿಂತ ಹೆಚ್ಚು ಪ್ರಿಯವಾದದ್ದು. ‘ಮತ್ತೆ ಮತ್ತೆ’ ಎಂಬ ಪದವೂ ‘ಅನಾಥ’ ಎಂಬ ಪದವೂ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕೇಳಿಸುತ್ತವೆ. ಹೆಸರಿನ ಈ ಶ್ಲೇಷೆಯಲ್ಲೇ ಕಥೆಯೆಲ್ಲ ಅಡಗಿದೆ: ಈ ನಾಯಿ ಒಮ್ಮೆಯಲ್ಲ, ಮತ್ತೆ ಮತ್ತೆ ಅನಾಥವಾಗುತ್ತದೆ.

ಒಡೆಯನಿಲ್ಲದಿದ್ದರೆ ನಾಯಿಗೇನಂತೆ ಎಂದು ನಾವು ಕೇಳಬಹುದು. ನಮ್ಮ ಪುರಸಭೆಗಳೂ ನಾಯಿಗಳನ್ನು ಕೊಲ್ಲಿಸಿದ್ದುಂಟು, ನಿಜ. ಆದರೂ ನಮ್ಮ ಬೀದಿನಾಯಿಗೆ ಒಬ್ಬ ಒಡೆಯನಿರಲೇಬೇಕೆಂಬ ನಿಯಮವಿಲ್ಲ. ನಾಲ್ಕು ಮನೆಯವರು ಹಾಕಿದ ತುತ್ತಿನಲ್ಲಿ ಅದು ಬದುಕುತ್ತದೆ. ಅಮೆರಿಕದ ನಗರಗಳಲ್ಲಿ ಹಾಗಲ್ಲ. ನಮ್ಮಲ್ಲಿ ಬಿಡಾಡಿ ದನಗಳನ್ನು ಕೂಡುವ ದೊಡ್ಡಿಗಳಿದ್ದಂತೆ ಅಲ್ಲಿ ನಾಯಿಗಳಿಗೆ ದೊಡ್ಡಿಗಳಿದ್ದವು. ಹಿಡಿದು ತಂದ ನಾಯಿಯನ್ನು ಕೇಳಿಕೊಂಡು ಯಾರಾದರೂ ಬಂದರೆ ಸರಿ, ಇಲ್ಲವಾದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ಇಂಥ ನಾಯಿಗಳನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ಈಸ್ಟ್ ನದಿಯಲ್ಲಿ ಮುಳುಗಿಸುತ್ತಿದ್ದರು. ಹೆನ್ರಿ ಬರ್ಗ್ 1866ರಲ್ಲಿ ಸ್ಥಾಪಿಸಿದ ಪ್ರಾಣಿದಯಾ ಸಂಘವು 1894ರಲ್ಲಿ ಆ ನಗರದ ನಾಯಿದೊಡ್ಡಿಯ ಆಡಳಿತವನ್ನು ವಹಿಸಿಕೊಂಡಿತು. ಕೊಲ್ಲುವ ವಿಧಾನ ಬದಲಾಯಿತು. ವಾರಸುದಾರರಿಲ್ಲದ ನಾಯಿಗೆ ಬದುಕುವ ಹಕ್ಕು ಮಾತ್ರ ಬರಲಿಲ್ಲ. 1947ರ ಚಿತ್ರ ಆರಂಭವಾಗುವುದು ಇಂಥದೊಂದು ದೊಡ್ಡಿಯಿಂದಲೇ. ಚಾರ್ಲಿಯ ಬಾಯಿಬಡುಕತನದ ಹಿಂದೆ ಈ ಭಯವಿದೆ. ಅವನು ಹರಟುತ್ತಿರುವುದು ನಮ್ಮನ್ನು ನಗಿಸಲು ಅಲ್ಲ, ತಾನು ಉಳಿಯಲು.

ಆ ಹರಟೆಯಾದರೂ ಎಂಥದು! ಶುದ್ಧ ತಳಿ ಎಂಬ ಹೆಮ್ಮೆಗೆ ಅಮೆರಿಕದಲ್ಲಿ 1884ರಷ್ಟು ಹಿಂದೆಯೇ ಕೆನಲ್ ಕ್ಲಬ್ ಎಂಬ ಸಂಸ್ಥೆ ಹುಟ್ಟಿಕೊಂಡಿತ್ತು. ಚಾರ್ಲಿಗೆ ವಂಶವಿಲ್ಲ, ಪತ್ರವಿಲ್ಲ. ಆದ್ದರಿಂದ ಅವನು ಎಲ್ಲ ವಂಶಗಳನ್ನೂ ತನ್ನವೆನ್ನುತ್ತಾನೆ. ನೂರಕ್ಕೆ ಐವತ್ತು ಪಾಲು ಪಾಯಿಂಟರ್ ಎಂದು ಬೆರಳು ಚಾಚಿ ದಿಕ್ಕು ತೋರಿಸುತ್ತಾನೆ. ಐವತ್ತು ಪಾಲು ಬಾಕ್ಸರ್ ಎಂದು ಮುಷ್ಟಿ ಬಿಗಿಯುತ್ತಾನೆ. ಹೀಗೆ ಐವತ್ತರ ಮೇಲೆ ಐವತ್ತು ಸೇರುತ್ತ ಹೋಗಿ ಲೆಕ್ಕ ನೂರನ್ನು ದಾಟುತ್ತದೆ. ಕೊನೆಗೆ ತಾನು ಬಹುಪಾಲು ಲ್ಯಾಬ್ರಡಾರ್ ರಿಟ್ರೀವರ್, ಅಂದರೆ ಹೆಕ್ಕಿ ತರುವ ಜಾತಿ, ಸಂದೇಹವಿದ್ದರೆ ಒಂದು ಲ್ಯಾಬ್ರಡಾರನ್ನು ಕೊಡಿ, ಹೆಕ್ಕಿ ತಂದು ತೋರಿಸುತ್ತೇನೆ ಎನ್ನುತ್ತಾನೆ. ನಕ್ಕ ಮೇಲೆ ಹೊಳೆಯುತ್ತದೆ: ತನ್ನದೆಂಬುದು ಏನೂ ಇಲ್ಲದವನು ತನ್ನನ್ನೇ ಸರಕಾಗಿ ಮಾರಬೇಕಾಗುತ್ತದೆ.

ಅದೇ 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನಲ್ಲಿ ಆರ್ಥರ್ ಮಿಲ್ಲರನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ಮೊದಲ ಪ್ರದರ್ಶನ ನಡೆಯಿತು. ಒಂದರ ಪ್ರಭಾವ ಇನ್ನೊಂದರ ಮೇಲೆ ಆಯಿತೆಂದು ನಾನು ಹೇಳುತ್ತಿಲ್ಲ. ಆದರೆ ನಗುಮುಖವೊಂದನ್ನೇ ಬಂಡವಾಳವಾಗಿಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ಅಲೆದ ವಿಲ್ಲಿ ಲೋಮನ್ನನಿಗೂ ಈ ನಾಯಿಗೂ ದೂರದ ನೆಂಟಸ್ತಿಕೆಯಿದೆ. ಜೋನ್ಸರಿಗೆ ಈ ಲೋಕ ಅಪರಿಚಿತವಾಗಿರಲಿಲ್ಲ. 1989ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ತಮ್ಮ ತಂದೆಯನ್ನು ನೆನೆದಿದ್ದಾರೆ. ತಂದೆ ಹೊಸ ವ್ಯಾಪಾರ ಆರಂಭಿಸಿದಾಗಲೆಲ್ಲ ಅದರ ಹೆಸರು ಅಚ್ಚಾದ ಕಾಗದವನ್ನೂ ಪೆನ್ಸಿಲುಗಳನ್ನೂ ಕೊಳ್ಳುತ್ತಿದ್ದರಂತೆ. ವ್ಯಾಪಾರ ಮುಳುಗಿದ ಮೇಲೆ ಆ ಕಾಗದವೆಲ್ಲ ಮಕ್ಕಳ ಪಾಲು. ಮಕ್ಕಳು ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಸೋಲಿನ ಕಾಗದದ ಮೇಲೆ ಚಿತ್ರ ಕಲಿತ ಕೈ, ಸೋಲನ್ನೊಪ್ಪದ ನಾಯಿಯೊಂದನ್ನು ಬರೆದದ್ದು ಸಹಜವೇ ಆಗಿದೆ.

ಇನ್ನು ಒಡೆಯನ ವಿಷಯ. ಐದರಲ್ಲಿ ಮೊದಲ ಮೂರು ಚಿತ್ರಗಳಲ್ಲಿ ಚಾರ್ಲಿ ಗಂಟುಬೀಳುವುದು ಪೋರ್ಕಿ ಎಂಬ ಹಂದಿಗೆ. ಪೋರ್ಕಿಯೂ ಪ್ರಾಣಿಯೇ. ಆದರೆ ಅವನಿಗೆ ಮನೆಯಿದೆ, ಮನೆಗೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಅಷ್ಟರಿಂದಲೇ ಅವನು ಒಡೆಯ, ಹೊರಗೆ ನಿಂತವನು ನಾಯಿ. ಇದಕ್ಕಿಂತಲೂ ಸೋಜಿಗದ ಸಂಗತಿ ಒಂದಿದೆ: ಇಬ್ಬರಿಗೂ ದನಿ ಕೊಟ್ಟವರು ಮೆಲ್ ಬ್ಲಾಂಕ್ ಒಬ್ಬರೇ. ಬೇಡುವ ನಾಯಿಯ ಪಟಪಟ ಮಾತು, ಒಲ್ಲೆನೆನ್ನುವ ಹಂದಿಯ ತೊದಲು, ಎರಡೂ ಒಂದೇ ಗಂಟಲಿನಿಂದ ಹೊರಟವು. ಯಾಚಕನೂ ದಾನಿಯೂ ಒಬ್ಬನೇ ಮನುಷ್ಯನ ಎರಡು ದನಿಗಳು ಎಂದು ಯಾವ ತತ್ತ್ವಜ್ಞಾನಿಯೂ ಇಷ್ಟು ಸುಲಭವಾಗಿ ತೋರಿಸಿಕೊಟ್ಟಿಲ್ಲ.

‘ಆಫನ್ ಆ್ಯನ್ ಆರ್ಫನ್’ನಲ್ಲಿ ಹಳ್ಳಿಗಾಡಿನಲ್ಲಿ ಒಡೆಯನೊಬ್ಬ ತೊರೆದುಹೋದ ಚಾರ್ಲಿ, ಪೋರ್ಕಿಯ ಹೊಲಮನೆಯನ್ನು ಹುಡುಕಿಕೊಂಡು ಬರುತ್ತಾನೆ. ನಗರಕ್ಕೆ ಹಿಂದಿರುಗುವ ಮಾತು ಬಂದಾಗ ಅವನು ರಂಗನಟನಂತೆ ಎದೆ ಬಡಿದುಕೊಳ್ಳುತ್ತಾನೆ. ಆ ಎತ್ತರದ ಕಟ್ಟಡಗಳು ನಿಮಗೆ ಕಾಣುತ್ತಿಲ್ಲವೆ, ಅವು ವಾಲುತ್ತಿವೆ, ಬೀಳುತ್ತಿವೆ ಎಂದು ಕಣ್ಣರಳಿಸಿ ಕೂಗುತ್ತಾನೆ. ಅದು ನಟನೆಯೆಂದು ನಮಗೆ ಗೊತ್ತು. ಆದರೂ ಆ ಕಣ್ಣುಗಳನ್ನು ನೋಡಿದಾಗ ನಗುವಿನ ನಡುವೆ ಒಂದು ಕ್ಷಣ ಮನಸ್ಸು ತಡೆಯುತ್ತದೆ. ಹಿಡಿದು ಕೊಲ್ಲುವ ನಗರವನ್ನು ನೆನೆದು ನಾಯಿ ಅಂಜಿದರೆ ಅದನ್ನು ಬರಿಯ ನಟನೆಯೆನ್ನುವುದು ಹೇಗೆ?

ಎರಡು ವರ್ಷಗಳ ಅನಂತರ, 1951ರ ‘ಎ ಹೌಂಡ್ ಫಾರ್ ಟ್ರಬಲ್’ ಚಿತ್ರದಲ್ಲಿ, ಚಾರ್ಲಿ ಇಟಲಿಯ ತೀರದಲ್ಲಿ ಇಳಿಯುತ್ತಾನೆ. ಅಲ್ಲಿ ಅವನ ಭಾಷೆ ಹೆಚ್ಚಿನವರಿಗೆ ಬರುವುದಿಲ್ಲ. ಅಂದರೆ ಅವನಲ್ಲಿದ್ದ ಒಂದೇ ಆಸ್ತಿಯಾದ ಮಾತೂ ಕೈಬಿಟ್ಟಿತು. ಹೋಟೆಲಿನ ಯಜಮಾನನೊಬ್ಬ ಕೊನೆಗೆ ಉಪಾಯವಾಗಿ ಅವನನ್ನು ಪೀಸಾ ನಗರದ ವಾಲುಗೋಪುರದ ಕೆಳಗೆ ನಿಲ್ಲಿಸಿ, ಬೀಳದಂತೆ ಹಿಡಿದುಕೊಂಡಿರಲು ಹೇಳಿ ಹೊರಟುಹೋಗುತ್ತಾನೆ. ಹಿಂದೆ ಅಭಿನಯಕ್ಕಾಗಿ ಬೀಳಿಸಿದ್ದ ಕಟ್ಟಡ ಈಗ ನಿಜವಾಗಿಯೇ ಅವನ ಮೈಮೇಲೆ ಒರಗಿದೆ. ಒಡೆಯ ಸಿಗಲಿಲ್ಲ, ಹೊರೆ ಸಿಕ್ಕಿತು. ಜೋನ್ಸ್ ತಮ್ಮ ನಾಯಿಯನ್ನು ಅಲ್ಲಿಯೇ ಬಿಟ್ಟರು. ಆಮೇಲೆ ಅವರು ಚಾರ್ಲಿಯ ಮೇಲೆ ಇನ್ನೊಂದು ಚಿತ್ರ ಮಾಡಲಿಲ್ಲ.