ಮಳೆಗಾಲಕ್ಕೊಂದು ಕಟ್ಟಿಗೆ ಕೊಟ್ಟಿಗೆ

ಭಟ್ಕಳ, ಹೊನ್ನಾವರ, ಕುಮಟಾಗಳ ಚರಿತ್ರೆಯೆಂದರೆ ನಮಗೆ ನೆನಪಾಗುವುದು ಬಂದರು, ಕಾಳುಮೆಣಸು, ಪೋರ್ಚುಗೀಸರ ಹಡಗುಗಳು, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲಂಕಾಷೈರಿನ ಗಿರಣಿಗಳವರೆಗೆ ಹೆಸರಾದ ಕುಮಟಾದ ಹತ್ತಿ. ಮಸೀದಿ, ಬಸದಿ, ದೇವಾಲಯಗಳ ಬಗ್ಗೆಯೂ ಸಾಕಷ್ಟು ಬರವಣಿಗೆಯಿದೆ. ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಗೂ ಬಚ್ಚಲಿಗೂ ನಡುವೆ ಮಾಡು ಇಳಿಸಿಕೊಂಡು ನಿಂತಿದ್ದ ಕಟ್ಟಿಗೆ ಕೊಟ್ಟಿಗೆಗೆ ಮಾತ್ರ ಚರಿತ್ರೆಯ ಪುಟದಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಆದರೆ ಈ ಕೊಟ್ಟಿಗೆಯ ಬಾಗಿಲು ತೆರೆದು ನೋಡಿದರೆ ಮಳೆ, ಕಾಡು, ಸರಕಾರ, ಹೆಂಗಸರ ದುಡಿಮೆ, ಬಡವ-ಬಲ್ಲಿದರ ಅಂತರ ಎಲ್ಲವೂ ಅಲ್ಲಿಯೇ ಒಟ್ಟಿಕೊಂಡಿರುವುದು ಕಾಣುತ್ತದೆ.

ಹೊನ್ನಾವರದ ಅನ್ನ

ಹದಿನಾಲ್ಕನೆಯ ಶತಮಾನದ 40ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ ಅಲ್ಲಿನ ಸುಲ್ತಾನ ಜಮಾಲುದ್ದೀನನ ಆತಿಥ್ಯ ಉಂಡವನು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದೂ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿಕೊಂಡಿದ್ದರೆಂದೂ ಆತ ಬರೆದಿರುವುದನ್ನು ನಾವು ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ. ಅದೇ ಬರವಣಿಗೆಯಲ್ಲಿ ಊಟದ ವಿವರವೂ ಇದೆ. ಮತ್ತೆ ಮತ್ತೆ ಬಡಿಸುವ ಅನ್ನ, ತುಪ್ಪ, ಮೆಣಸು-ಶುಂಠಿ-ನಿಂಬೆ-ಮಾವಿನ ಉಪ್ಪಿನಕಾಯಿ, ಕೋಳಿ, ಕೊನೆಗೆ ಮಜ್ಜಿಗೆ. ರೊಟ್ಟಿ ತಿಂದು ಬೆಳೆದ ಈ ಮೊರಾಕೊದವನಿಗೆ ತಿಂಗಳುಗಟ್ಟಲೆ ಅನ್ನವೇ ಅನ್ನ.

ಕುಚ್ಚಲಕ್ಕಿಯ ಅನ್ನ ಮಾಡುವುದು ಸುಲಭದ ಕೆಲಸವಲ್ಲ. ಭತ್ತವನ್ನು ಮೊದಲು ಬೇಯಿಸಿ, ಒಣಗಿಸಿ, ಕುಟ್ಟಿ, ಆ ಅಕ್ಕಿಯನ್ನು ಮತ್ತೆ ಬಹಳ ಹೊತ್ತು ಬೇಯಿಸಬೇಕು. ಅನ್ನವೊಂದಕ್ಕೆ ಎರಡು ಬಾರಿ ಬೆಂಕಿ. ಅದರ ಮೇಲೆ ಮೀನಿನ ಸಾರು, ಬಚ್ಚಲ ಹಂಡೆಯ ಬಿಸಿನೀರು, ಬಾಣಂತಿಯ ನೀರು, ಮದುವೆ ಮನೆಯ ಅಡುಗೆ. ಗಟ್ಟದ ಕೆಳಗಿನ ಬದುಕಿಗೆ ಬೇಕಾಗುವ ಬೆಂಕಿಯ ಲೆಕ್ಕ ದೊಡ್ಡದು.

ಈ ಬೆಂಕಿಗೆ ಬೇಕಾದ ಕಟ್ಟಿಗೆಯನ್ನು ಪಕ್ಕದಲ್ಲೇ ಕಾಡಿದ್ದರೂ ಬೇಕಾದಾಗ ತರಲು ಆಗುತ್ತಿರಲಿಲ್ಲ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಆಗ ಗುಡ್ಡ ಹತ್ತುವಂತಿಲ್ಲ, ಹತ್ತಿದರೂ ಒಣ ಕಡ್ಡಿ ಸಿಗುವುದಿಲ್ಲ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅಂಥ ಕಟ್ಟಿಗೆ ಒಲೆಗೆ ಹಾಕಿದರೆ ಬೆಂಕಿಯ ಕಾವು ಮೊದಲು ಆ ನೀರನ್ನು ಆರಿಸಲು ಹೋಗುತ್ತದೆ. ಉಳಿಯುವುದು ಹೊಗೆ, ಕಣ್ಣೀರು, ಕೆಮ್ಮು. ಹೀಗಾಗಿ ಒಣಮೀನು, ಉಪ್ಪು, ಹಪ್ಪಳಗಳಂತೆ ಕಟ್ಟಿಗೆಯೂ ಮಳೆಗಾಲದ ಮುಂಚಿನ ತಯಾರಿಯ ಭಾಗವಾಯಿತು.

ಕೊಟ್ಟಿಗೆಯ ವಿದ್ಯೆ

ಕಟ್ಟಿಗೆ ಕೊಟ್ಟಿಗೆ ಕಟ್ಟಲು ಇಂಜಿನಿಯರ್ ಬೇಕಾಗಿರಲಿಲ್ಲ, ಆದರೆ ತಿಳಿವಳಿಕೆ ಬೇಕಿತ್ತು. ಮೊದಲನೆಯದು ದಿಕ್ಕು. ಇಲ್ಲಿ ಮಳೆ ನೈಋತ್ಯದಿಂದ, ಸಮುದ್ರದ ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ. ಆದ್ದರಿಂದ ಪಡುವಣ ಮತ್ತು ತೆಂಕಣ ಮಗ್ಗುಲು ಮುಚ್ಚಿ, ಮೂಡಣ ಅಥವಾ ಬಡಗಣ ಕಡೆ ತೆರೆದಿಡುತ್ತಿದ್ದರು. ಪೂರ್ತಿ ಮುಚ್ಚಿದರೆ ಗಾಳಿಯಾಡದೆ ಕಟ್ಟಿಗೆಗೆ ಬೂಸು ಬರುತ್ತದೆ, ಪೂರ್ತಿ ಬಿಟ್ಟರೆ ಎರಚಲು ಹೊಡೆಯುತ್ತದೆ.

ಎರಡನೆಯದು ನೆಲ. ಕಟ್ಟಿಗೆಯನ್ನು ನೇರ ಮಣ್ಣಿನ ಮೇಲೆ ಒಟ್ಟಿದರೆ ಗೆದ್ದಲು ಹಿಡಿಯುತ್ತದೆ, ನೆಲದ ತೇವ ಏರುತ್ತದೆ. ಅದಕ್ಕೆ ಚಿರೇಕಲ್ಲಿನ ಸಾಲಿಟ್ಟು, ಅದರ ಮೇಲೆ ಅಡಕೆ ದಬ್ಬೆಯನ್ನೋ ಸೀಳಿದ ತೆಂಗಿನ ಮರವನ್ನೋ ಅಡ್ಡ ಹಾಕಿ, ಮೇಲೆ ಕಟ್ಟಿಗೆ ಪೇರಿಸುವುದು ಪದ್ಧತಿ. ಮೂರನೆಯದು ಮಾಡು. ಬಡವರ ಕೊಟ್ಟಿಗೆಗೆ ಹೆಣೆದ ತೆಂಗಿನ ಗರಿ ಅಥವಾ ಹುಲ್ಲು, ಅಡಕೆ ತೋಟದವರಿಗೆ ಸೋಗೆ. ಇವುಗಳನ್ನು ವರ್ಷ ವರ್ಷವೂ ಹೊಸದಾಗಿ ಹೊದೆಸಬೇಕು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯ ಉದ್ದಕ್ಕೂ ಮಂಗಳೂರು ಹಂಚು ಹಬ್ಬಿತು. ಮೊದಲು ಮನೆಗೆ, ಅನುಕೂಲವಿದ್ದವರಲ್ಲಿ ಆಮೇಲೆ ಕೊಟ್ಟಿಗೆಗೆ. ಮನೆಯ ಮಾಡಿನಿಂದ ಇಳಿಸಿದ ಹಳೆಯ ಹಂಚು ಕೊಟ್ಟಿಗೆಗೆ ಏರುವುದೂ ಸಾಮಾನ್ಯವಾಗಿತ್ತು.

ಒಟ್ಟುವುದರಲ್ಲೂ ಕ್ರಮವಿತ್ತು. ದಪ್ಪ ಕುಂಟೆಗಳು ಬಚ್ಚಲ ಒಲೆಗೆ, ಸೀಳಿದ ಕಟ್ಟಿಗೆ ಅಡುಗೆ ಒಲೆಗೆ, ಬೆಂಕಿ ಹೊತ್ತಿಸಲು ತೆಂಗಿನ ಗರಿ, ಗೆರಟೆ, ಕಾಯಿಸಿಪ್ಪೆ ಬೇರೆ ಮೂಲೆಯಲ್ಲಿ. ಹಳೆಯದು ಮುಂದೆ, ಹೊಸದು ಹಿಂದೆ. ಮಳೆಗಾಲದ ನಡುವೆ ತೇವ ತಾಗಿದ ಕಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಹೊಗೆಯಲ್ಲೇ ಒಣಗಿಸುತ್ತಿದ್ದರು. ಹಾವು, ಚೇಳುಗಳ ಭಯಕ್ಕೆ ಮಕ್ಕಳನ್ನು ಕೊಟ್ಟಿಗೆಯ ಒಳಮೂಲೆಗೆ ಬಿಡುತ್ತಿರಲಿಲ್ಲ. ಈ ಲೆಕ್ಕವನ್ನೆಲ್ಲ ಇಟ್ಟುಕೊಂಡವರು ಮನೆಯ ಹೆಂಗಸರು. ಗಂಡಸರು ಮದರಾಸು, ಕಲ್ಕತ್ತಾ, ಕೊಲಂಬೊಗಳಲ್ಲಿ ವ್ಯಾಪಾರಕ್ಕೆ ಹೋಗಿರುತ್ತಿದ್ದ ಭಟ್ಕಳದ ನವಾಯತ ಮನೆಗಳಲ್ಲಂತೂ ಮಳೆಗಾಲದ ಸಂಗ್ರಹದ ಜವಾಬ್ದಾರಿ ಪೂರ್ತಿಯಾಗಿ ಅವರದೇ. 1801ರಲ್ಲಿ ಭಟ್ಕಳ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿನ ಮುಸ್ಲಿಮ್ ವರ್ತಕರು ಕುಟುಂಬವನ್ನು ಊರಿನಲ್ಲಿ ಬಿಟ್ಟು ಕರಾವಳಿಯುದ್ದಕ್ಕೂ ವ್ಯಾಪಾರಕ್ಕೆ ಹೋಗುವುದನ್ನು ಗುರುತಿಸಿದ್ದಾನೆ.

ಕಾಡು ಯಾರದು?

ಕೊಟ್ಟಿಗೆ ತುಂಬಬೇಕಾದರೆ ಕಾಡಿಗೆ ಹೋಗುವ ದಾರಿ ತೆರೆದಿರಬೇಕು. ಚರಿತ್ರೆಯ ನಿಜವಾದ ಜಗಳ ಇರುವುದು ಇಲ್ಲಿ.

ಬುಕಾನನ್ ಈ ಕರಾವಳಿಯ ಉತ್ತರ ಭಾಗದಲ್ಲಿ ಒಂದು ವಿಚಾರ ದಾಖಲಿಸಿದ. ಕಾಡು ಆಯಾ ಊರಿನ ದೇವರದೆಂದು ಜನ ನಂಬಿದ್ದರು. ಊರ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿರಲಿಲ್ಲ. ಅಪ್ಪಣೆಗೆ ಶುಲ್ಕವೂ ಇರಲಿಲ್ಲ. ಇದು ಸರಕಾರ ಕಾಡಿನ ಮೇಲೆ ಒಡೆತನ ಸಾಧಿಸದಂತೆ ಜನ ಹೂಡಿದ ಉಪಾಯವಿರಬೇಕೆಂದು ಕಂಪೆನಿಯ ಆ ಅಧಿಕಾರಿಗೆ ಅನಿಸಿತು. ಉಪಾಯವೋ ನಂಬಿಕೆಯೋ, ಕಾಡಿಗೆ ಊರಿನದೇ ಒಂದು ಕಟ್ಟುಪಾಡು ಇತ್ತೆಂಬುದು ಸ್ಪಷ್ಟ.

1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಬಂದವು. ಕಾಡು ಮೀಸಲು ಅರಣ್ಯವಾಯಿತು, ಊರಿನ ರೂಢಿ ಸರಕಾರದ ಕೃಪೆಯಾಯಿತು. ಹಕ್ಕು ಎಂಬ ಪದದ ಜಾಗಕ್ಕೆ ಸವಲತ್ತು ಎಂಬ ಪದ ಬಂತು. ಹಕ್ಕನ್ನು ಕೇಳಿ ಪಡೆಯಬೇಕಾಗಿಲ್ಲ, ಸವಲತ್ತನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದು. ಅಡಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಅನುಕೂಲವಾದರೂ ದೊರೆಯಿತು. ತೋಟವಿಲ್ಲದ ಕೂಲಿಯವರು, ಮೀನುಗಾರರು, ಹಾಲಕ್ಕಿಗಳು, ಗೊಂಡರು, ಪೇಟೆಯ ಬಡವರು ಹಸಿ ಮರಕ್ಕೆ ಕತ್ತಿ ತಾಗಿಸಿದರೆ ಅಪರಾಧಿಗಳಾದರು.

ಉರುವಲಿನ ಕೊರತೆ ಸರಕಾರಕ್ಕೂ ತಿಳಿದಿತ್ತು. 1868ರಲ್ಲಿ ಕಾರವಾರದ ಮರಳು ದಂಡೆಯಲ್ಲಿ ಸೌದೆಗಾಗಿಯೇ ಗಾಳಿಮರದ ನೆಡುತೋಪು ಎಬ್ಬಿಸಲಾಯಿತು. ಭಾರತದಲ್ಲಿ ಗಾಳಿಮರದ ಮೊದಲ ವ್ಯವಸ್ಥಿತ ನೆಡುತೋಪು ಅದೆಂದು ಅರಣ್ಯಶಾಸ್ತ್ರಜ್ಞರು ಹೇಳುತ್ತಾರೆ. ಇಂದು ಹೊನ್ನಾವರ, ಕುಮಟಾದ ಕಡಲತೀರದಲ್ಲಿ ನೆರಳಿಗಾಗಿ ಹುಡುಕುವ ಆ ಮರ ಕರಾವಳಿಗೆ ಬಂದದ್ದು ಒಲೆಗಾಗಿ.

ಇದರ ನಡುವೆ ಕುಮಟಾ ತಾಲೂಕಿನಲ್ಲಿ ಒಂದು ಬೇರೆ ಪ್ರಯೋಗವೂ ನಡೆಯಿತು. 1920ರ ದಶಕದ ಆರಂಭದಲ್ಲಿ ಕರಾವಳಿಯ ಅರಣ್ಯ ವ್ಯವಸ್ಥೆಯ ಬಗ್ಗೆ ವರದಿ ಮಾಡಿದ ಕಾಲಿನ್ಸ್ ಎಂಬ ಅಧಿಕಾರಿಗೆ ಹಳಕಾರ, ಕಲ್ಲಬ್ಬೆಯಂತಹ ಊರುಗಳ ಕಾಡು ಚೆನ್ನಾಗಿ ಉಳಿದಿರುವುದು ಕಂಡಿತು. ಅಲ್ಲಿ ಜನರೇ ಕಾಡನ್ನು ಕಾಯುತ್ತಿದ್ದರು. ಆತನ ಶಿಫಾರಸಿನ ಬೆನ್ನಿಗೆ ಈ ಕಾಡುಗಳ ಉಸ್ತುವಾರಿ ಗ್ರಾಮ ಅರಣ್ಯ ಸಮಿತಿಗಳಿಗೆ ವಿಧಿವತ್ತಾಗಿ ದೊರೆಯಿತು. ಸ್ವಾತಂತ್ರ್ಯ ಬಂತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ವಿಚಿತ್ರವೆಂದರೆ, ಬ್ರಿಟಿಷರು ಒಪ್ಪಿದ್ದ ಈ ಸಮಿತಿಗಳನ್ನು ನಮ್ಮದೇ ಸರಕಾರ ಮುಂದೆ ರದ್ದು ಮಾಡಲು ಹೊರಟಿತು. ಸಮಿತಿ ಹೋದ ಕಡೆ ಕಾಡೂ ಸೊರಗಿತು. ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕು ತಮ್ಮ ವ್ಯವಸ್ಥೆಯನ್ನು ಉಳಿಸಿಕೊಂಡರು. ಕುಮಟಾ ಪೇಟೆಯ ಸಮೀಪದಲ್ಲೇ ಇಂಥದೊಂದು ಕಾಡು ಉಳಿದುದಕ್ಕೆ ಬಂದೂಕಿನ ಕಾವಲು ಕಾರಣವಲ್ಲ. ಇದು ನಮ್ಮ ಮಕ್ಕಳ ಕೊಟ್ಟಿಗೆಗೂ ಬೇಕಾದ ಕಾಡು ಎಂಬ ಭಾವನೆ ಕಾರಣ.

ಪ್ರವಾದಿ ಮುಹಮ್ಮದ್(ಸ)ರ ವಚನವೊಂದರ ಪ್ರಕಾರ ನೀರು, ಹುಲ್ಲುಗಾವಲು ಮತ್ತು ಬೆಂಕಿಯಲ್ಲಿ ಜನರೆಲ್ಲರಿಗೂ ಪಾಲಿದೆ. ಇಲ್ಲಿ ಬೆಂಕಿಯೆಂದರೆ ಯಾರ ಸ್ವತ್ತೂ ಅಲ್ಲದ ನೆಲದ ಉರುವಲು ಕೂಡ ಸೇರುತ್ತದೆಂದು ಕೆಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಊರ ದೇವರ ಕಾಡಿನ ನಂಬಿಕೆ, ಹಳಕಾರದ ಕಟ್ಟುಪಾಡು ಮತ್ತು ಈ ವಚನ ಬೇರೆ ಬೇರೆ ಮೂಲದವು. ಆದರೂ ಬಡವನ ಒಲೆಗೆ ಬೇಕಾದುದನ್ನು ಉಳ್ಳವರು ಬೇಲಿ ಹಾಕಿ ಹಿಡಿದಿಡಬಾರದೆಂಬ ಒಂದೇ ನ್ಯಾಯ ಇವುಗಳಲ್ಲಿ ಕಾಣುತ್ತದೆ.

ತಲೆಹೊರೆಯ ಹೆಂಗಸರು

ಪೇಟೆಯ ಕೊಟ್ಟಿಗೆ ತುಂಬಿದ್ದು ಹಳ್ಳಿಯ ಹೆಂಗಸರ ತಲೆಹೊರೆಯಿಂದ. ಬೆಳಗಿನ ಜಾವ ಗುಡ್ಡ ಹತ್ತಿ, ಒಣಗಿದ ಕೊಂಬೆ ಆಯ್ದು, ಬಳ್ಳಿಯಿಂದ ಕಟ್ಟಿ, ಮೈಲಿಗಟ್ಟಲೆ ನಡೆದು ಪೇಟೆಗೆ ಬಂದು ಮನೆಮನೆಯ ಬಾಗಿಲಲ್ಲಿ ಹೊರೆ ಇಳಿಸುತ್ತಿದ್ದ ಹಾಲಕ್ಕಿ ಮತ್ತಿತರ ಸಮುದಾಯಗಳ ಹೆಂಗಸರನ್ನು ಈ ಮೂರೂ ಊರುಗಳ ಹಿರಿಯರು ನೆನಪಿಸಿಕೊಳ್ಳುತ್ತಾರೆ. ಹೊರೆಯ ಬೆಲೆಗೆ ಚೌಕಾಸಿ ನಡೆಯುತ್ತಿತ್ತು. ಹೊರೆ ಇಳಿಸಿದವಳಿಗೆ ಒಂದು ತಂಬಿಗೆ ನೀರು, ಬೆಲ್ಲ, ಕೆಲವೊಮ್ಮೆ ಊಟವೂ ಸಿಗುತ್ತಿತ್ತು. ಆ ವ್ಯವಹಾರದಲ್ಲಿ ಪರಿಚಯ ಬೆಳೆಯಿತು. ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಬಾಣಂತನ ಎಂಬುದು ಹೊರೆಯವಳಿಗೆ ಗೊತ್ತಿತ್ತು. ಸಮುದಾಯಗಳ ನಡುವೆ ಅನುಮಾನದ ಗೋಡೆ ಎದ್ದಿರುವ ಈ ದಿನಗಳಲ್ಲಿ ಹಿತ್ತಿಲ ಬಾಗಿಲಿನ ಆ ಸಂಬಂಧವನ್ನು ಕ್ಷುಲ್ಲಕವೆಂದು ತಳ್ಳುವಂತಿಲ್ಲ.

ಹಾಗೆಂದು ಅದನ್ನು ವೈಭವೀಕರಿಸುವುದೂ ಸರಿಯಲ್ಲ. ಬೇಡುವುದಕ್ಕಿಂತ ಹಗ್ಗ ಹಿಡಿದು ಕಟ್ಟಿಗೆ ಹೊರೆ ತಂದು ಮಾರುವುದು ಮೇಲೆಂದು ಹದೀಸ್‌ನಲ್ಲಿದೆ. ದುಡಿಮೆಗೆ ಅಷ್ಟು ಗೌರವ. ಆದರೆ ನಮ್ಮ ಸಮಾಜ ಆ ಹೊರೆಗೆ ಕೊಟ್ಟ ಬೆಲೆ ಆ ಗೌರವಕ್ಕೆ ತಕ್ಕುದಾಗಿರಲಿಲ್ಲ. ಪೇಟೆಯ ಕೊಟ್ಟಿಗೆ ತುಂಬಿಸಿದವಳ ಸ್ವಂತ ಗುಡಿಸಲಲ್ಲಿ ಕೊಟ್ಟಿಗೆಯೇ ಇರುತ್ತಿರಲಿಲ್ಲ. ಸಂಗ್ರಹಿಸಲು ಜಾಗವಿಲ್ಲದವರು ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಕುಡಿದರು, ಇಲ್ಲವೇ ಏರಿದ ಬೆಲೆ ತೆತ್ತರು.

ಗ್ಯಾಸ್ ಬಂದ ಮೇಲೆ

1970ರ ದಶಕದ ಬಳಿಕ ಭಟ್ಕಳದ ಯುವಕರು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಿ ದೇಶಗಳಿಗೆ ಹೋದರು. ತೈಲದ ನಾಡಿನ ದುಡಿಮೆ ಊರಿಗೆ ಬಂತು, ಹಿಂದೆಯೇ ಗ್ಯಾಸ್ ಒಲೆಯೂ ಬಂತು. ಹೊಸ ಮನೆಗಳ ನಕ್ಷೆಯಲ್ಲಿ ಕಟ್ಟಿಗೆ ಕೊಟ್ಟಿಗೆಗೆ ಜಾಗವಿರಲಿಲ್ಲ. ಹಳೆಯವು ಗ್ಯಾರೇಜುಗಳಾದವು. ಹಳ್ಳಿಗಳಲ್ಲಿ ಬದಲಾವಣೆ ನಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಕಡಿಮೆ ಕಟ್ಟಿಗೆ, ಕಡಿಮೆ ಹೊಗೆಯ 'ಅಸ್ತ್ರ ಒಲೆ'ಯನ್ನು ರೂಪಿಸಿತು. 2016ರ ಉಜ್ವಲಾ ಯೋಜನೆ ಬಡ ಕುಟುಂಬಗಳಿಗೂ ಗ್ಯಾಸ್ ಸಂಪರ್ಕ ಕೊಟ್ಟಿತು. ಅಡುಗೆಮನೆಯ ಹೊಗೆ ಕಡಿಮೆಯಾದುದು ಹೆಂಗಸರ ಪಾಲಿಗೆ ದೊಡ್ಡ ಬಿಡುಗಡೆ. ಅದನ್ನು ಯಾರೂ ಅಲ್ಲಗಳೆಯಲಾರರು.

ಆದರೂ ಬಚ್ಚಲ ಒಲೆ ಪೂರ್ತಿ ಆರಿಲ್ಲ, ಮದುವೆಯ ಬಿರಿಯಾನಿ ದೇಗಿಗೆ ಈಗಲೂ ಸೌದೆಯೇ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಹಲವರು ಪ್ರಾಣ ಕಳೆದುಕೊಂಡ ಆ ದುರಂತದಲ್ಲಿ ಗ್ಯಾಸ್ ಟ್ಯಾಂಕರೊಂದು ಗಂಗಾವಳಿ ನದಿಗೆ ಕೊಚ್ಚಿಹೋಯಿತು. ನಮ್ಮ ಒಲೆಯ ಬೆಂಕಿ ಈಗ ಎಷ್ಟು ದೂರದಿಂದ, ಎಂಥ ರಸ್ತೆಯನ್ನು ನಂಬಿಕೊಂಡು ಬರುತ್ತದೆ ಎಂಬುದಕ್ಕೆ ಅದೂ ಒಂದು ಪಾಠ.

2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಕಿರು ಉತ್ಪನ್ನಗಳ ಮೇಲೆ ಜನರ ಹಕ್ಕನ್ನು ಮತ್ತೆ 'ಹಕ್ಕು' ಎಂದೇ ಕರೆದಿದೆ. ಆದರೆ ಬುಡಕಟ್ಟಿನ ಪಟ್ಟಿಯಲ್ಲಿಲ್ಲದ ಅರಣ್ಯವಾಸಿಗಳು 75 ವರ್ಷಗಳ ವಾಸಕ್ಕೆ ಆಧಾರ ತೋರಿಸಬೇಕು. ಕಾಗದವೇ ಇಲ್ಲದ ಬಡವನಿಗೆ ಇದು ಗುಡ್ಡ ಹತ್ತುವುದಕ್ಕಿಂತ ಕಷ್ಟ. ಜಿಲ್ಲೆಯ ಮುಕ್ಕಾಲಿಗೂ ಹೆಚ್ಚು ಭಾಗ ಅರಣ್ಯವೆಂದು ದಾಖಲಾಗಿರುವ ಉತ್ತರ ಕನ್ನಡದಲ್ಲಿ ಈ ಪ್ರಶ್ನೆ ಸಾವಿರಾರು ಕುಟುಂಬಗಳ ಪ್ರಶ್ನೆ.

ಕಟ್ಟಿಗೆ ಕೊಟ್ಟಿಗೆಯ ಕಾಲ ಮುಗಿಯುತ್ತಾ ಬಂದಿರಬಹುದು. ಎಲ್ಲರೂ ಮತ್ತೆ ಹೊಗೆಯ ಒಲೆಗೆ ಮರಳಬೇಕೆಂದು ಬಯಸುವುದು ಜಾಣತನವಲ್ಲ. ಆದರೆ ಅದು ಕಲಿಸಿದ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಮಳೆ ಬರುವ ಮೊದಲೇ ಮಳೆಯ ಯೋಚನೆ ಮಾಡಬೇಕು ಎಂಬುದು ಒಂದು. ಬೆಂಕಿಗೆ ಬೇಕಾದುದನ್ನು ಪಡೆಯುವುದು ಅತ್ಯಂತ ಬಡವರಿಗೂ ಇರುವ ಹಕ್ಕು ಎಂಬುದು ಇನ್ನೊಂದು. ಸೌದೆಯ ಕಾಲಕ್ಕೆ ಹೊಂದುತ್ತಿದ್ದ ಈ ಮಾತು ಸಿಲಿಂಡರಿನ ಕಾಲಕ್ಕೂ ಹೊಂದುತ್ತದೆ.